ಬಿಳಿ ಕಾರಿನ ಒಂದು ನಟ್ಟು

ಗ್ಯಾರೇಜಿನ ಟಿಂಕರನನ್ನು ಎಲ್ಲರೂ ಇಸ್ತ್ರಿ ಅಂತಲೇ ಕರೆಯುತ್ತಿದ್ದರು. ಲಾರಿ ಗುದ್ದಿದ ಬಾಗಿಲನ್ನೂ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಮಾಡಿಕೊಡುತ್ತಾನೆ ಎಂಬ ಮೆಚ್ಚುಗೆ ಆ ಹೆಸರಿನಲ್ಲಿತ್ತು. ಅವನ ಮೈಮೇಲಿನ ಅಂಗಿ ಮಾತ್ರ ಸದಾ ಮುದುರಿಕೊಂಡೇ ಇರುತ್ತದೆ ಎಂಬ ಚೇಷ್ಟೆಯೂ ಇತ್ತು. ಸುತ್ತಿಗೆ ಎತ್ತುವ ಮುಂಚೆ ಅವನು ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಆಡಿಸುತ್ತಿದ್ದ. ಕಣ್ಣಿಗೆ ಬೀಳದ ತಗ್ಗು ಕೈಗೆ ಸಿಗುತ್ತಿತ್ತು.

ಅವನ ಸ್ವಂತ ಕಾರು ಬಿಳಿಯದು. ಮುಂಭಾಗ ಜಜ್ಜಿಹೋದ ಒಂದು ಗಾಡಿ, ಹಿಂಭಾಗ ಜಜ್ಜಿಹೋದ ಇನ್ನೊಂದು ಗಾಡಿ, ಎರಡನ್ನೂ ಗುಜರಿಯಿಂದ ತಂದು, ಕೆಟ್ಟದ್ದನ್ನು ಕತ್ತರಿಸಿ, ಒಳ್ಳೆಯದನ್ನು ಬೆಸೆದು ಒಂದು ಮಾಡಿದ್ದ. ಬೆಸುಗೆ ಎಲ್ಲಿದೆ ಎಂದು ತೋರಿಸಲು ಗ್ಯಾರೇಜಿನ ಮಾಲೀಕನಿಗೂ ಆಗಿರಲಿಲ್ಲ. ಕಾರನ್ನು ಓಡಿಸುತ್ತಿದ್ದವಳು ಅವನ ಹೆಂಡತಿ. ದೊಡ್ಡಾಸ್ಪತ್ರೆಯ ನರ್ಸುಗಳನ್ನು ಪಾಳಿಗೆ ತಕ್ಕಂತೆ ಮನೆಯಿಂದ ಕರೆದೊಯ್ದು ಮನೆಗೆ ಬಿಡುವುದು ಅವಳ ಕೆಲಸ. ಅವರ ಬಾಯಲ್ಲಿ ಅವಳು ಡ್ರೈವರಕ್ಕ. ಆ ಹೆಸರು ಕೇಳಿದಾಗೆಲ್ಲ ಅವಳ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿದ್ದುದನ್ನು ಇಸ್ತ್ರಿ ಗಮನಿಸಿದ್ದ.

ಕಾರು ಮೊದಲ ಸಲ ರಸ್ತೆಗಿಳಿದ ದಿನ ಅವಳು ಒಳಗೇನೋ ಸದ್ದು ಬರುತ್ತಿದೆ ಅಂದಳು. ನಿನ್ನ ಭ್ರಮೆ ಅಂದ ಅವನು. ಅವಳು ಬಿಡಲಿಲ್ಲ. ಅವನ ಕೈಗೆ ಸ್ಟೀರಿಂಗ್ ಕೊಟ್ಟು, ತಾನು ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಕೂತು, ಬಯಲಿನಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಹೋಗಲು ಹೇಳಿದಳು. ಕೊನೆಗೆ ಎಡಗಡೆ ಬಾಗಿಲ ಕೆಳಗೆ ಬೆರಳಿಟ್ಟಳು. ಅಲ್ಲಿ ಉದ್ದಕ್ಕೂ ಹಾಯುವ ಕಬ್ಬಿಣದ ಪೆಟ್ಟಿಗೆ ಒಳಗೆ ಟೊಳ್ಳು. ಬೆಸೆಯುವಾಗ ಒಂದು ನಟ್ಟು ಅದರೊಳಗೆ ಬಿದ್ದಿತ್ತು. ತಿರುವಿನಲ್ಲೆಲ್ಲ ಅತ್ತಿಂದಿತ್ತ ಉರುಳಿ ಟೊಕ್ ಅನ್ನುತ್ತಿತ್ತು. ಕತ್ತರಿಸಿ ತೆಗೆಯದೆ ಬೇರೆ ದಾರಿ ಇರಲಿಲ್ಲ. ರಜೆಯ ದಿನವೆಲ್ಲ ಅದಕ್ಕೇ ಹೋಯಿತು.

"ಕಾರಿಗೂ ಗೆಜ್ಜೆ ಕಟ್ಟಿದ್ರಲ್ರೀ," ಎಂದು ಅವಳು ವಾರವಿಡೀ ಆಡಿಕೊಂಡಳು.

ಇನ್ಶೂರೆನ್ಸ್ ಏಜೆಂಟ್ ಹೆಂಗಸು ಪ್ರತಿ ವರ್ಷ ಸ್ಕೂಟರಿನಲ್ಲಿ ಬಂದು ಅದೇ ಮಾತು ತೆಗೆಯುತ್ತಿದ್ದಳು. ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ, ನಿಮ್ಮ ಗಾಡಿಗೆ ಏನಾದರೂ ಅದು ತಿರುಗಿ ನೋಡುವುದಿಲ್ಲ, ಫುಲ್ ಮಾಡಿಸಿ ಅನ್ನುತ್ತಿದ್ದಳು. ಇಸ್ತ್ರಿ ಎರಡೂ ಅಂಗೈ ಬಿಚ್ಚಿ ತೋರಿಸುತ್ತಿದ್ದ. ಇದೇ ನನ್ನ ಫುಲ್ ಇನ್ಶೂರೆನ್ಸ್. ಊರಿನವರ ಗಾಡಿ ಸರಿ ಮಾಡುವವನು ತನ್ನ ಗಾಡಿಗಾಗಿ ಇನ್ನೊಬ್ಬರ ಹತ್ತಿರ ಕೈಯೊಡ್ಡಬೇಕೇ?

"ಡೊಂಕಾದ್ರೆ ಸರಿ ಮಾಡ್ತೀರಿ. ಗಾಡೀನೇ ಹೋದ್ರೆ ಏನನ್ನ ತಟ್ತೀರಿ?" ಅಂದಿದ್ದಳು ಒಮ್ಮೆ ಆ ಏಜೆಂಟ್.

ಅವನು ನಕ್ಕು, ಅವಳ ಸ್ಕೂಟರಿನ ಮಡ್‌ಗಾರ್ಡ್ ಪುಕ್ಕಟೆ ತಟ್ಟಿಕೊಟ್ಟು ಕಳಿಸಿದ್ದ.

ಗಾಡಿಯೇ ಹೋದದ್ದು ಭಾಮೈದನ ಕೈಯಲ್ಲಿ. ಹೆಂಡತಿಯ ಒಬ್ಬನೇ ತಮ್ಮ. ಸೋಫಾ ಮಂಚ ಮಾರುವ ದೊಡ್ಡ ಅಂಗಡಿಯಲ್ಲಿ ಮ್ಯಾನೇಜರು. ಮಾತಿನಲ್ಲೇ ಮಂಚ ಹಾಸಿ ಮಲಗಿಸುವಂಥವನು. ಗೆಳೆಯರಿಗೆ ಸೈಟು ತೋರಿಸಬೇಕು, ಸಂಜೆಯೊಳಗೆ ತರುತ್ತೇನೆ ಎಂದು ಅಕ್ಕನಿಂದ ಬೀಗದ ಕೈ ಇಸಿದುಕೊಂಡು ಹೋದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಟೀರಿಂಗು. ಸೇತುವೆಯ ಬಳಿ ಹಣ್ಣಿನ ತಳ್ಳುಗಾಡಿಗೆ ಗುದ್ದಿ, ಅಲ್ಲಿಂದ ಸೇತುವೆಯ ಗೋಡೆಗೆ ನುಗ್ಗಿಸಿದ. ಹಣ್ಣಿನವನು ಪುಣ್ಯಕ್ಕೆ ಎದುರಿನ ಅಂಗಡಿಗೆ ಚಿಲ್ಲರೆ ತರಲು ಹೋಗಿದ್ದ. ಭಾಮೈದನಿಗೆ ಹುಬ್ಬಿನ ಮೇಲೆ ಒಂದು ಪಟ್ಟಿ, ಅಷ್ಟೇ.

ಕಾರನ್ನು ಗ್ಯಾರೇಜಿಗೆ ಎಳೆದು ತಂದಾಗ ಇಸ್ತ್ರಿ ಎಂದಿನಂತೆ ಕಣ್ಣು ಮುಚ್ಚಿ ಅಂಗೈ ಆಡಿಸಿದ. ಅರ್ಧಕ್ಕೇ ಕೈ ತೆಗೆದ. ಕಾರಿನ ಬೆನ್ನುಮೂಳೆಯೇ ತಿರುಚಿಕೊಂಡಿತ್ತು. ಇಂಜಿನ್ ಸೀಳಿ, ಡ್ಯಾಶ್‌ಬೋರ್ಡಿನವರೆಗೂ ಒಳಗೆ ಬಂದಿತ್ತು. ಅಲ್ಲಿ ತಟ್ಟುವುದಕ್ಕೆ ಏನೂ ಉಳಿದಿರಲಿಲ್ಲ.

ಥರ್ಡ್ ಪಾರ್ಟಿ ತನ್ನ ಕೆಲಸ ಚೊಕ್ಕವಾಗಿ ಮಾಡಿತು. ಹಣ್ಣಿನವನಿಗೆ ಹೊಸ ತಳ್ಳುಗಾಡಿ ಬಂತು. ಅವನು ಸಂತೋಷದಿಂದ ಒಂದು ಚೀಲ ಸೇಬು ತಂದು ಇಸ್ತ್ರಿಯ ಮನೆಯಲ್ಲಿ ಕೊಟ್ಟು ಹೋದ. ಆ ಸೇಬನ್ನು ಗಂಡಹೆಂಡತಿ ಇಬ್ಬರೂ ಮುಟ್ಟಲಿಲ್ಲ.

ಭಾಮೈದ ಬಂದು ತಲೆ ತಗ್ಗಿಸಿದ್ದರೆ ಇಸ್ತ್ರಿ ಬಹುಶಃ ನುಂಗಿಕೊಳ್ಳುತ್ತಿದ್ದ. ಅವನು ಬಂದದ್ದು ಗುದ್ದಿದ ಕಾರಿನಲ್ಲಿ ಮರೆತಿದ್ದ ಕಪ್ಪು ಕನ್ನಡಕ ತೆಗೆದುಕೊಳ್ಳಲು. ಕನ್ನಡಕ ಒರೆಸಿ ಹಾಕಿಕೊಂಡು ಹೇಳಿದ:

"ಫುಲ್ ಮಾಡಿಸ್ಬೇಕಿತ್ತು ಭಾವ. ನೀವು ಜಿಪುಣತನ ಮಾಡಿದ್ರೆ ಅದಕ್ಕೆ ನಾನೇನ್ ಮಾಡ್ಲಿ?"

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಇಸ್ತ್ರಿಗೆ ಉರಿದದ್ದು ಅದಕ್ಕೇ. ಗುಜರಿಯವರು ಕಾರು ಒಯ್ಯುವ ಮುಂಚೆ, ಸೀಳಿದ ಇಂಜಿನ್ನಿನ ಬುಡದಿಂದ ಕಳಚಿ ಬಿದ್ದಿದ್ದ ಒಂದು ನಟ್ಟನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.

ಹೆಂಡತಿ ಗಾರ್ಮೆಂಟ್ಸಿಗೆ ಸೇರಿದಳು. ಸಿದ್ಧವಾದ ಪ್ಯಾಂಟುಗಳ ದಾರದ ತುದಿ ಕತ್ತರಿಸುವ ಕೆಲಸ. ಇಡೀ ದಿನ ನಿಂತೇ ಇರಬೇಕು. ಸಂಜೆ ಬಂದು ಪಾದ ಎರಡನ್ನೂ ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂರುತ್ತಿದ್ದಳು. ಚಪ್ಪಲಿಯ ಪಟ್ಟಿ ಊದಿದ ಕಾಲಿನ ಮೇಲೆ ಗೆರೆ ಕೊರೆದಿರುತ್ತಿತ್ತು. ತಮ್ಮನ ವಿಷಯ ಅವಳೂ ಎತ್ತುತ್ತಿರಲಿಲ್ಲ, ಇವನೂ ಎತ್ತುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಮಾತ್ರ ಇಸ್ತ್ರಿ ತಟ್ಟುವ ಒಂದೊಂದು ತಗಡೂ ಭಾಮೈದನ ಬೆನ್ನಾಗಿತ್ತು. ಏಟು ಜೋರಾಗಿ ತಗಡು ತೆಳುವಾದಾಗ ಮಾಲೀಕ ಗೊಣಗುತ್ತಿದ್ದ.

ಅಷ್ಟರಲ್ಲಿ ಭಾಮೈದ ಹೊಸ ಕಾರು ಕೊಂಡ. ಕಡುನೀಲಿ. ಬಂಪರ್ ಟು ಬಂಪರ್ ಇನ್ಶೂರೆನ್ಸ್, ಗೀಚಿದರೂ ಕಂಪನಿಯದೇ ಜವಾಬ್ದಾರಿ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಮಳೆಗಾಲ ಮುಗಿಯುವ ಹೊತ್ತಿಗೆ ಹಾಲಿನ ವ್ಯಾನೊಂದು ಅದರ ಎಡಪಕ್ಕೆಯನ್ನು ಉಜ್ಜಿಕೊಂಡು ಹೋಯಿತು. ಆ ಕಂಪನಿ ಒಪ್ಪಿದ ಗ್ಯಾರೇಜು ಹತ್ತಿರದಲ್ಲಿ ಇದ್ದದ್ದು ಇದೊಂದೇ.

"ಚಿಂತೆ ಇಲ್ಲ ಭಾವ, ಎಲ್ಲಾ ಕಂಪನೀದೇ. ಆದ್ರೆ ಕೈ ಮಾತ್ರ ನಿಮ್ದೇ ಆಗ್ಬೇಕು," ಅಂದ ಭಾಮೈದ, ಭುಜ ತಟ್ಟಿ.

ಕಾರು ಲಿಫ್ಟಿನ ಮೇಲೇರಿತು. ಇಸ್ತ್ರಿ ಅದರ ಕೆಳಗೆ ನಿಂತು ಮೇಲೆ ನೋಡಿದ. ಬ್ರೇಕಿನ ಪೈಪು ಮೂಗಿನ ಎದುರಿಗೇ ಇತ್ತು. ಅದನ್ನು ಎಷ್ಟು ಹೊತ್ತು ನೋಡಿದನೋ ಅವನಿಗೇ ಗೊತ್ತಿಲ್ಲ. ಆದರೆ ಈ ಕಾರಿನಲ್ಲಿ ಭಾಮೈದನ ಮಕ್ಕಳು ಕೂರುತ್ತಿದ್ದರು, ಅತ್ತೆ ಕೂರುತ್ತಿದ್ದರು. ಅವರ ಮೇಲೆ ಅವನಿಗೆ ಯಾವ ಹಗೆಯೂ ಇರಲಿಲ್ಲ. ಪೈಪಿನಿಂದ ಕಣ್ಣು ಕಿತ್ತು ಬಾಗಿಲ ಕೆಳಗಿನ ಪೆಟ್ಟಿಗೆಗೆ ಬಂದ. ವ್ಯಾನು ಅದನ್ನೂ ಜಜ್ಜಿತ್ತು. ಹೊರ ಹಾಳೆ ಕತ್ತರಿಸಿ ಹೊಸದು ಕೂರಿಸಬೇಕಿತ್ತು.

ಅಷ್ಟು ಚೆಂದದ ಕೆಲಸ ಅವನು ಬಹಳ ದಿನದಿಂದ ಮಾಡಿರಲಿಲ್ಲ. ಹಾಳೆ ಗೆರೆ ಕೊರೆದ ಹಾಗೆ ಕೂತಿತು. ಕೊನೆಯ ಬೆಸುಗೆಗೆ ಮುಂಚೆ ಅಂಗಿಯ ಜೇಬಿಗೆ ಕೈ ಹಾಕಿ ಬಿಳಿ ಕಾರಿನ ನಟ್ಟು ತೆಗೆದ. ಬಟ್ಟೆಯಿಂದ ಒರೆಸಿದ. ಒಳಗೆ ಬಿಟ್ಟ. ಮುಚ್ಚಿದ. ಬಣ್ಣ ಒಣಗಿದ ಮೇಲೆ ಭಾಮೈದ ತನ್ನ ಮುಖವನ್ನೇ ಅದರಲ್ಲಿ ನೋಡಿಕೊಂಡು, ಭಾವ ಅಂದ್ರೆ ಭಾವ ಎಂದು ಹೊಗಳಿ ಹೋದ.

ಆಮೇಲೆ ಸದ್ದು ಶುರುವಾಯಿತು. ಭಾಮೈದ ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದ, ಸೀಟು ಬಿಚ್ಚಿಸಿದ, ಚಕ್ರ ಬಿಚ್ಚಿಸಿದ, ಇಲಿ ಇರಬಹುದೆಂದು ಬೋನನ್ನೂ ಇಟ್ಟ. ಬಿಚ್ಚಿಸಿದ್ದಕ್ಕೆಲ್ಲ ಕೈಯಿಂದಲೇ ದುಡ್ಡು ಕೊಟ್ಟ. ಒಳಗೆ ಸದ್ದು ಬರುತ್ತದೆ ಎಂದು ಕಂಪನಿಗೆ ಫೋನು ಮಾಡಿದಾಗ, ಸದ್ದಿಗೆಲ್ಲ ಕವರ್ ಇರುವುದಿಲ್ಲ ಸರ್ ಅಂದರಂತೆ. ಈ ಸುದ್ದಿ ಗ್ಯಾರೇಜಿನಲ್ಲಿ ಕಿವಿಗೆ ಬಿದ್ದ ದಿನ ಇಸ್ತ್ರಿ ಎರಡು ಲೋಟ ಟೀ ಕುಡಿದ. ರಾತ್ರಿ ನಿದ್ದೆಯೂ ಚೆನ್ನಾಗಿ ಬಂತು.

ಅವನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಒಂದೇ.

ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ನೋಡಿಕೊಂಡು ಬರೋಣ ಎಂದು ಭಾಮೈದ ನೀಲಿ ಕಾರು ತಂದ. ಹೆಂಡತಿ ಮುಂದಿನ ಸೀಟಿನಲ್ಲಿ ಕೂತಳು, ಇಸ್ತ್ರಿ ಹಿಂದೆ. ಮೊದಲ ತಿರುವಿನಲ್ಲೇ ನಟ್ಟು ಉರುಳಿತು.

ಟೊಕ್.

ಅವಳ ಕುತ್ತಿಗೆ ಒಂದಿಷ್ಟು ವಾಲಿತು. ಬಯಲಿನಲ್ಲಿ ಅಂದು ತಲೆ ಬಗ್ಗಿಸಿ ಕೂತಿದ್ದಾಗ ವಾಲಿದ್ದ ಹಾಗೆಯೇ. ಅವಳಿಗೆ ಗೊತ್ತಾಗಿಹೋಯಿತು ಎಂದು ಇಸ್ತ್ರಿಗೆ ತಿಳಿಯಿತು. ಪಕ್ಕದಲ್ಲಿದ್ದವನು ಅವಳ ಒಡಹುಟ್ಟಿದವನು. ಅವಳು ಒಂದು ಮಾತು ಹೇಳಿದರೆ ಗ್ಯಾರೇಜಿನ ಕೆಲಸ ಹೋಗುತ್ತದೆ, ಈ ಕೈಗಳ ಮೇಲೆ ಊರು ಇಟ್ಟ ನಂಬಿಕೆ ಹೋಗುತ್ತದೆ. ಎರಡನೇ ತಿರುವಿನಲ್ಲಿ ಅವಳು ಮೆಲ್ಲಗೆ ಹಿಂದಕ್ಕೆ ತಿರುಗಿ ಗಂಡನ ಮುಖ ನೋಡಿದಳು. ಇವನು ಕಿಟಕಿಯಾಚೆ ನೋಡಿದ.

"ಕೇಳಿಸ್ತಾ ಅಕ್ಕ?" ಭಾಮೈದನ ಧ್ವನಿ ಅಳುವಂತಿತ್ತು. "ಗಾಡಿ ವಿಷಯದಲ್ಲಿ ನಿನ್ನ ಕಿವಿ ಚುರುಕು. ಹುಚ್ಚು ಹಿಡಿಯೋದೊಂದು ಬಾಕಿ ನನಗೆ. ಎಲ್ಲಿಂದ ಬರ್ತಿದೆ ಹೇಳು."

ಅವಳು ಬಗ್ಗಿ ಚಪ್ಪಲಿಯಿಂದ ಪಾದ ಹೊರಗೆಳೆದು, ಪಟ್ಟಿ ಕೊರೆದ ಗೆರೆಯನ್ನು ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿಕೊಂಡಳು.

"ಮುಂದೆ ಸರ್ಕಲ್ ಬರುತ್ತಲ್ಲ, ಅಲ್ಲಿ ಒಂದು ಸುತ್ತು ಹಾಕು," ಅಂದಳು.

ಅವನು ಸುತ್ತು ಹಾಕಿದ. ನಟ್ಟು ಪೆಟ್ಟಿಗೆಯ ಉದ್ದಕ್ಕೂ ಉರುಳಿ ಕೊನೆಗೆ ಬಡಿಯಿತು.

"ಬಂತಲ್ಲಕ್ಕ, ಈಗ ಬಂತಲ್ಲ?"

"ಏನು ಬಂತು? ನಂಗೇನೂ ಕೇಳಿಸ್ಲಿಲ್ವಲ್ಲೋ." ಅವಳು ಕಿಟಕಿಯ ಗಾಜು ಏರಿಸಿದಳು. "ಇನ್ನೊಂದು ಸುತ್ತು ಹಾಕು, ನೋಡೋಣ."