ಎಡಗಣ್ಣು ಅಗತ್ಯವಿಲ್ಲವಂತೆ

ಬಲಗಣ್ಣಿನ ಪೊರೆ ತೆಗೆಸಲು ಒಪ್ಪಿದ ವಿಮಾ ಕಂಪನಿ ಎಡಗಣ್ಣಿಗೆ ಒಪ್ಪಲಿಲ್ಲ. ಬಲಗಣ್ಣು ಈಗ ಚೆನ್ನಾಗಿ ಕಾಣುವುದರಿಂದ ದಿನನಿತ್ಯದ ಕೆಲಸಕ್ಕೆ ತೊಂದರೆಯಿಲ್ಲ, ಎಡಗಣ್ಣಿನ ಆಪರೇಷನ್ ಅಗತ್ಯವಿಲ್ಲ ಎಂದು ಕಾಗದ ಬಂತು. ಓದಿ ಹೇಳಿದ್ದು ಮಗಳು.

"ಹಾಗಾದ್ರೆ ದೇವ್ರು ಇನ್ನೊಂದು ಕಣ್ಣು ಯಾಕ್ ಕೊಟ್ಟ? ಕಾಡಿಗೆ ಹಚ್ಕೊಳಕ್ಕಾ?" ಎಂದೆ.

"ನನ್ ಮೇಲ್ ಯಾಕಮ್ಮ ಕೂಗ್ತೀಯ? ನಾನೇನ್ ಇನ್ಶೂರೆನ್ಸ್ ಕಂಪ್ನೀನಾ?"

ಕೂಗದೆ ಏನು ಮಾಡಲಿ? ಒಂದು ಕಣ್ಣಿಗೆ ಲೋಕವೆಲ್ಲ ತೊಳೆದಿಟ್ಟ ಹಾಗೆ, ಇನ್ನೊಂದಕ್ಕೆ ಮಜ್ಜಿಗೆಯೊಳಗಿಂದ ನೋಡಿದ ಹಾಗೆ. ಎರಡೂ ಸೇರಿ ಯಾವ ವಸ್ತುವನ್ನೂ ಅದರ ಜಾಗದಲ್ಲಿ ತೋರಿಸುತ್ತಿರಲಿಲ್ಲ. ಲೋಟಕ್ಕೆ ಬಗ್ಗಿಸಿದ ಕಾಫಿ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ರಂಗೋಲಿಯ ಚುಕ್ಕಿಗಳು ಸಾಲು ತಪ್ಪಿ ಅಂಗಳದ ತುಂಬ ಓಡುತ್ತಿದ್ದವು. ಮೆಟ್ಟಿಲು ಮುಗಿಯಿತೆಂದು ಕಾಲಿಟ್ಟರೆ ಇನ್ನೊಂದು ಮೆಟ್ಟಿಲು ಇರುತ್ತಿತ್ತು. ಮೊಮ್ಮಗಳು ಹೊಸದಾಗಿ ಕಲಿಸಿಕೊಟ್ಟ ಫೋನಿನ ಟೈಪಿಂಗನ್ನು ಎಡಗಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದೆ. ನೋಡಿದವರಿಗೆ ಈ ಮುದುಕಿ ಫೋನಿಗೆ ಕಣ್ಣು ಹೊಡೆಯುತ್ತಿದ್ದಾಳೆ ಅನ್ನಿಸಬೇಕು, ಹಾಗೆ.

ಆಗ ನೆನಪಾದವರು ನಮ್ಮ ಎಮ್ಮೆಲ್ಲೆ. ನಾನು ಅವರನ್ನು ಹಾಗೇ ಕರೆಯುವುದು.

ನಾವು ಅಮೆರಿಕದ ಸಮಾಮಿಶ್‌ಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಶಬ್ದ. ತೆರೆದರೆ ಉದ್ದನೆಯ ಮನುಷ್ಯ, ಕೈಯಲ್ಲಿ ಕಾಗದಗಳು. ಸೋಲಾರ್ ಮಾರಲು ಬಂದವನೆಂದು "ನೋ ನೋ" ಎಂದು ಬಾಗಿಲು ಹಾಕುತ್ತಿದ್ದೆ. ರಾಜ್ಯದ ಶಾಸನಸಭೆಗೆ ನಿಂತಿದ್ದೇನೆ ಎಂದರು. ನಂಬಲಾಗಲಿಲ್ಲ. ತಮಟೆ ಇಲ್ಲ, ಜೀಪಿಲ್ಲ, ಹಿಂದೆ ಜೈ ಎನ್ನುವವರು ಒಬ್ಬರೂ ಇಲ್ಲ. ಈ ದಿಣ್ಣೆಯನ್ನು ಒಬ್ಬರೇ ನಡೆದು ಹತ್ತಿ ಬಂದಿದ್ದರು. ಪಾಪ ಅನ್ನಿಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಟ್ಟೆ, ಚಕ್ಕುಲಿಯನ್ನೂ ಕೊಟ್ಟೆ. ನಿಮ್ಮ ಕಷ್ಟವೇನು ಎಂದು ಕೇಳಿದರು. ಕಾರು ಓಡಿಸದವರಿಗೆ ಈ ಊರು ಜೈಲು, ಒಂದು ಬಸ್ ತರಿಸಿ ಎಂದೆ. ಬರೆದುಕೊಂಡರು. ಅವರು ಗೆದ್ದರು, ಬಸ್ಸು ಬರಲಿಲ್ಲ. ಆದರೂ ಮುಂದಿನ ಸಲ ಮತ್ತೆ ಬಂದು, ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ ಎಂದು ಅದೇ ಬೆಂಚಿನ ಮೇಲೆ ಕೂತು ಹೇಳಿದರು. ಸೋತ ಕೆಲಸದ ಲೆಕ್ಕ ಒಪ್ಪಿಸಲು ಮನೆಗೆ ಬಂದ ಎಮ್ಮೆಲ್ಲೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸುಮಾರು ವರ್ಷ ಶಾಸನಸಭೆಯಲ್ಲಿದ್ದು ಆಮೇಲೆ ಅವರು ವಿಮಾ ಕಮಿಷನರ್ ಹುದ್ದೆಗೆ ನಿಂತರು. ಈ ರಾಜ್ಯದಲ್ಲಿ ಆ ಅಧಿಕಾರಿಯನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ. ಅಷ್ಟರಲ್ಲಿ ನಾನೂ ಇಲ್ಲಿಯ ಪ್ರಜೆಯಾಗಿದ್ದೆ. ಅಂಚೆಯಲ್ಲಿ ಬಂದ ಮತಪತ್ರವನ್ನು ಊಟದ ಮೇಜಿನ ಮೇಲೆ ಹರಡಿ ಮಗಳನ್ನು ಕೇಳಿದೆ.

"ಏನೇ ಇದು ಹುದ್ದೆ?"

"ಇನ್ಶೂರೆನ್ಸ್ ಕಂಪ್ನಿಗಳಿಗೆಲ್ಲಾ ಹೆಡ್‌ಮಾಸ್ಟರ್ ಇದ್ದಂಗಮ್ಮ."

ನನ್ನ ಜೀವನದ ಮೊದಲ ಅಮೆರಿಕದ ಓಟು ಅವರಿಗೇ ಬಿತ್ತು. ಗೆದ್ದರು. ಅಂಥವರು ಮೇಲಿರುವಾಗ ನನ್ನ ಎಡಗಣ್ಣಿಗೆ ಬೇಡ ಎನ್ನುವ ಧೈರ್ಯ ಯಾವ ಕಂಪನಿಗೆ?

ಅವರು ಪಕ್ಕದ ಊರಾದ ರೆಡ್ಮಂಡ್‌ನಲ್ಲಿ ಸಾರ್ವಜನಿಕರ ಸಭೆ ನಡೆಸುತ್ತಾರೆಂದು ಗೊತ್ತಾಯಿತು. ದೊಡ್ಡವರನ್ನು ಕಾಣಲು ಹೋಗುವ ಕ್ರಮ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರು ಪೇಟ, ಒಂದು ಶಾಲು, ತಟ್ಟೆ ತುಂಬ ಸೇಬು ಜೋಡಿಸಿಕೊಂಡೆ. ಮೊದಲು ಸನ್ಮಾನ, ಆಮೇಲೆ ಅರ್ಜಿ. ಕಾರು ಓಡಿಸುತ್ತಿದ್ದ ಮೊಮ್ಮಗಳು ನಮ್ಮ ದಿಣ್ಣೆ ಇಳಿಯುವಾಗ ಹಿಂದಿನ ಸೀಟಿನ ತಟ್ಟೆ ನೋಡಿ, "ಅಜ್ಜಿ, ಈಸ್ ದಿಸ್ ಅ ಬ್ರೈಬ್?" ಎಂದಳು.

"ಲಂಚ ಅಲ್ಲ ಕಣೇ, ಮರ್ಯಾದೆ. ಸುಮ್ನೆ ರಸ್ತೆ ನೋಡ್ಕೊಂಡ್ ಓಡ್ಸು."

ಸಭೆ ಮುಗಿದ ಮೇಲೆ ನೆಟ್ಟಗೆ ಹೋಗಿ ಅವರ ಹೆಗಲಿಗೆ ಶಾಲು ಹೊದಿಸಿಯೇಬಿಟ್ಟೆ. ಅವರು ಬಗ್ಗಿ ನನ್ನ ಮುಖ ನೋಡಿ, "ಕಾಫಿ!" ಎಂದು ನಕ್ಕರು. ಇನ್ನೇನು ಕೆಲಸ ಆಯಿತೆಂದು ಚೀಲದಿಂದ ಕಂಪನಿಯ ಕಾಗದ ತೆಗೆದು ಕೈಗಿಟ್ಟೆ.

ಓದಿದರು. ನಗು ಹೋಯಿತು. ಶಾಲನ್ನು ತೆಗೆದು, ಅಂಚು ಕೂಡಿಸಿ ಮಡಿಸಿ, ಎರಡೂ ಕೈಯಲ್ಲಿ ನನಗೇ ವಾಪಸ್ ಕೊಟ್ಟರು. ನಿಮ್ಮ ದೂರು ನನ್ನ ಕಚೇರಿಗೆ ಬರಬೇಕಾದದ್ದು, ನಿಮ್ಮಿಂದ ನಾನು ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದರು.

ಹೊದಿಸಿದ ಶಾಲನ್ನು ವಾಪಸ್ ಕೊಡುವುದೆಂದರೇನು! ಜನ ನೋಡುತ್ತಿದ್ದರು. ನನಗೆ ಇಂಗ್ಲಿಷ್ ಅರ್ಥವಾಗುತ್ತದೆ, ಜಗಳವಾಡುವಷ್ಟು ಬಾಯಿಗೆ ಬರುವುದಿಲ್ಲ. ಮೊಮ್ಮಗಳನ್ನು ಮುಂದಕ್ಕೆ ಎಳೆದೆ.

"ಹೇಳು ಇವ್ರಿಗೆ. ಮನೆಗ್ ಬಂದು ಚಕ್ಕುಲಿ ತಿನ್ನೋವಾಗ ಇಲ್ದಿದ್ ಮಡಿ ಈಗ ಎಲ್ಲಿಂದ ಬಂತು ಅಂತ ಕೇಳು. ಬಸ್ಸಂತೂ ತರ್ಲಿಲ್ಲ, ಕಣ್ಣಾದ್ರೂ ಕೊಡ್ಸಕ್ಕಾಗಲ್ವಾ ಅಂತ ಕೇಳು."

ಅವಳು ಎರಡೇ ಮಾತಿನಲ್ಲಿ ಮುಗಿಸಿದಳು.

"ಅಷ್ಟೇನಾ? ನಾನ್ ಇಷ್ಟೊಂದ್ ಹೇಳ್ದೆ!"

"ಐ ಸಮ್ಮರೈಸ್ಡ್, ಅಜ್ಜಿ."

ಅವರು ಹೇಳಿದ್ದನ್ನು ಮಾತ್ರ ಯಾರೂ ಮೊಟಕು ಮಾಡಲಿಲ್ಲ. ಅಂದು ಓಟು ಕೇಳಲು ಬಂದಿದ್ದೆ, ಇಂದು ನ್ಯಾಯ ಹೇಳುವ ಜಾಗದಲ್ಲಿದ್ದೇನೆ. ಪರಿಚಯದವರೆಂದು ನಿಮಗೆ ಮಾಡಿಕೊಟ್ಟರೆ, ನಾನು ಯಾರ ಮನೆಯಲ್ಲಿ ಕಾಫಿ ಕುಡಿದಿಲ್ಲವೋ ಅವರ ಗತಿಯೇನು? ಎಂದರು. ಶಾಲನ್ನು ಚೀಲಕ್ಕೆ ತುರುಕಿದೆ. ಎದುರಿನವರ ಮಾತು ಸರಿಯಿದ್ದಾಗ ಬರುವ ಕೋಪ ಬೇರೆಯೇ ತರಹದ್ದು. ದೂರು ಕೊಡುವ ಬಗೆ ತಿಳಿಸಲು ಅಲ್ಲೇ ಕೂತಿದ್ದ ಅವರ ಕಚೇರಿಯ ಹೆಂಗಸನ್ನು ತೋರಿಸಿ ಮುಂದಿನವರ ಕಡೆ ತಿರುಗಿದರು.

ಮನೆಗೆ ಬಂದು ಸೇಬನ್ನೆಲ್ಲ ನಾವೇ ತಿಂದೆವು. ಮೊಮ್ಮಗಳು ಬರೆದುಕೊಡುತ್ತೇನೆಂದರೂ ಕೇಳದೆ, ಹಟ ಹಿಡಿದು, ನನ್ನ ಫೋನಿನಲ್ಲಿ ನಾನೇ ದೂರು ಒತ್ತಿದೆ. ತುಂಡು ಇಂಗ್ಲಿಷಿನಲ್ಲಿ ಕಾಫಿ, ರಂಗೋಲಿ, ಮೆಟ್ಟಿಲು ಎಲ್ಲ ಬರೆದು ಕಮಿಷನರ್ ಕಚೇರಿಗೆ ಕಳಿಸಿದೆ.

ಕೆಲವು ವಾರಗಳಲ್ಲಿ ಅದೇ ಕಂಪನಿಯಿಂದ ಇನ್ನೊಂದು ಕಾಗದ ಬಂತು. ಮರುಪರಿಶೀಲನೆ ಮಾಡಿದೆವು, ಎಡಗಣ್ಣಿನ ಆಪರೇಷನ್ ಮಂಜೂರಾಗಿದೆ, ತಿಳಿಸಲು ಸಂತೋಷಪಡುತ್ತೇವೆ ಎಂದು.

"ಈಗಾದ್ರೂ ಖುಷಿ ಪಡಮ್ಮ!" ಎಂದಳು ಮಗಳು.

"ಯಾಕ್ ಪಡ್ಲಿ? ಅದೇ ಕಣ್ಣು, ಅದೇ ಡಾಕ್ಟ್ರು, ಅದೇ ರಿಪೋರ್ಟು. ಮೊದ್ಲು ಬೇಡ್ದೇ ಇದ್ದಿದ್ದು ಈಗ ಹೆಂಗೆ ಬೇಕಾಯ್ತು?"

ಆಸ್ಪತ್ರೆಯಿಂದ ದಿನ ಗೊತ್ತುಮಾಡಲು ಫೋನ್ ಮಾಡಿದ ಹುಡುಗಿಯನ್ನೂ ಅದನ್ನೇ ಕೇಳಿದೆ. ಬೇಡವೆಂಬ ಕಾಗದ ಬಂದ ಮೇಲೆ ಹೆಚ್ಚಿನವರು ನಮಗೆ ತಿರುಗಿ ಫೋನ್ ಮಾಡುವುದೇ ಇಲ್ಲ ಎಂದಳು, ಮೆಲ್ಲಗೆ. ಅಂದರೆ ಅವರೆಲ್ಲ ಹಾಗೇ ಮೆಟ್ಟಿಲು ತಡಕಾಡುತ್ತಿದ್ದಾರೆ. ಕಂಪನಿ ನಂಬಿಕೊಂಡಿರುವುದು ಅದನ್ನೇ: ವಯಸ್ಸಾದವರು ಅಲ್ಲವೇ, ಸುಮ್ಮನಾಗುತ್ತಾರೆ ಎಂದು.

ಗುರುವಾರ ಆಪರೇಷನ್. ಅದಕ್ಕೆ ಮೊದಲೇ, ಈ ಸಲವೂ ಒಂದೇ ಕಣ್ಣಿನಲ್ಲಿ, ಕಮಿಷನರ್ ಕಚೇರಿಗೆ ಇನ್ನೊಂದು ದೂರು ಕಳಿಸಿದ್ದೇನೆ. ನನ್ನ ಕಣ್ಣಿನದಲ್ಲ. ಸ್ವಾಮಿ, ನೀವು ಕಾನೂನು ಮಾಡುವ ಮನೆಯಲ್ಲಿ ಕೂತು ಬಂದವರು. ಕೇಳಿದವರಿಗೆ ಕೊಟ್ಟು ಕೇಳದವರಿಗೆ ಇಲ್ಲವೆನ್ನುವುದು ಯಾವ ಕಾನೂನು? ಒಬ್ಬೊಬ್ಬರಾಗಿ ನಿಮ್ಮ ಬಾಗಿಲಿಗೆ ಬರುವವರೆಗೆ ಕಾಯಬೇಡಿ, ಈ ಕಂಪನಿಯವರು ಬೇಡವೆಂದ ಕಣ್ಣುಗಳನ್ನೆಲ್ಲ ನೀವೇ ಕರೆಸಿ ನೋಡಿ, ಎಂದು. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಎರಡು ಕಣ್ಣೂ ಬಿಟ್ಟುಕೊಂಡು ಬರೆಯುತ್ತೇನೆ.