ಹೆಬ್ಬೆರಳಿನ ಗಣಿತ

ನನಗೆ ಜಂಬ ಬಹಳ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ಆಡಿಕೊಳ್ಳುವುದು ತಪ್ಪುತ್ತದೆ. ನನಗೆ ಹಾಡು ಬಾರದು, ರಂಗೋಲಿ ಹಾಕಿದರೆ ನಾಲ್ಕು ಚುಕ್ಕಿ ಅನಾಥವಾಗಿ ಉಳಿಯುತ್ತವೆ. ಆದರೆ ಇಂಟಿಗ್ರೇಷನ್ ಲೆಕ್ಕ ಕೊಡಿ, ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದ ನಾನು ಇವತ್ತಿಗೂ ಟೊಂಕ ಕಟ್ಟಿ ನಿಲ್ಲುತ್ತೇನೆ.

ಪರದೇಶದ ಈ ರಿಕ್ಕರ್ಟನ್‌ಗೆ ಬಂದಮೇಲೆ ಈ ಜಂಬಕ್ಕೆ ಗಿರಾಕಿಯೇ ಇರಲಿಲ್ಲ. ಮಗಳು ಮೇದಿನಿ ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಸೀರೆ ಅವಳಿಗೆ ಬೇಡ, ನನ್ನ ಹುಳಿಯೂ ಅಷ್ಟಕ್ಕಷ್ಟೇ. ನನ್ನದು ಅನ್ನುವುದು ಒಂದಾದರೂ ಇವಳಿಗೆ ದಾಟೀತೇ ಎಂಬುದೇ ನನ್ನ ಕೊರಗಾಗಿತ್ತು. ಈ ವರ್ಷ ಎಂಜಿನಿಯರಿಂಗ್ ಸೇರಿದವಳು, "ಅಮ್ಮಾ, ಪಾರ್ಷಿಯಲ್ ಫ್ರ್ಯಾಕ್ಷನ್ಸ್ ಆರ್ ಕಿಲ್ಲಿಂಗ್ ಮಿ" ಎಂದು ಮುಖ ಸಣ್ಣದು ಮಾಡಿಕೊಂಡು ಬಂದಾಗ, ದೇವರಾಣೆ, ನನಗೆ ಹಬ್ಬವಾಯಿತು.

ಮೊದಲು ಆದೇಶ ವಿಧಾನ, ಅದೇ ಸಬ್‌ಸ್ಟಿಟ್ಯೂಷನ್. ತೊಡಕಿನ ಪದವನ್ನು ಎತ್ತಿ, ಅಲ್ಲಿ ಒಂದು ಪುಟ್ಟ t ಕೂರಿಸುವುದು. ನುಗ್ಗೆಕಾಯಿ ಸಿಗದಾಗ ಹುಳಿಗೆ ಇಲ್ಲಿನ ಸೌತೆಕಾಯಿಯಂಥ ಕೂರ್ಜೆಟ್ ಹಾಕಿದ ಹಾಗೆ. ಆದರೆ ಗಣಿತದಲ್ಲಿ ಕೊನೆಗೆ ನುಗ್ಗೆಕಾಯಿಯನ್ನು ವಾಪಸು ಇಡಲೇಬೇಕು. ನನ್ನ ಅಡುಗೆಮನೆಗೆ ಆ ಭಾಗ್ಯವಿಲ್ಲ.

ಆಮೇಲೆ ಹೆಬ್ಬೆರಳು. ದೊಡ್ಡ ಭಿನ್ನರಾಶಿಯನ್ನು ಸಣ್ಣ ತುಂಡುಗಳಾಗಿ ಒಡೆಯಲು ಅವಳ ಕ್ಲಾಸಿನವರು ಪುಟಗಟ್ಟಲೆ ಸಮೀಕರಣ ಬರೆಯುತ್ತಾರೆ. ನಮ್ಮ ಕಾಲೇಜಿನ ಮೇಡಂ ಕಲಿಸಿದ್ದೇ ಬೇರೆ. ಕೆಳಗಿನ ಒಂದು ಅಪವರ್ತನವನ್ನು ಹೆಬ್ಬೆರಳಿನಿಂದ ಮುಚ್ಚಬೇಕು. ಅದನ್ನು ಸೊನ್ನೆ ಮಾಡುವ ಬೆಲೆಯನ್ನು ಉಳಿದದ್ದಕ್ಕೆ ಹಾಕಬೇಕು. ಆ ತುಂಡಿನ ಮೇಲಿನ ಸಂಖ್ಯೆ ಬಂದುಬಿಡುತ್ತದೆ.

ಹೋದ ಶನಿವಾರ ಅವಳ ಸಹಪಾಠಿ ಗ್ರೇಸ್ ಮನೆಗೆ ಬಂದಿದ್ದಳು. ಮೇದಿನಿ ಕೂಗಿದಳು: "ಅಮ್ಮಾ, ಶೋ ಹರ್ ದ ಥಂಬ್ ಥಿಂಗ್!" ಇನ್ನು ಕೇಳಬೇಕೇ? ಕೈ ಒರೆಸಿಕೊಂಡು ಓಡಿದೆ. ಮೇಲೆ t ವರ್ಗ; ಕೆಳಗೆ t ಮೈನಸ್ ಒಂದು, t ಪ್ಲಸ್ ಎರಡು, ಇವುಗಳ ಗುಣಲಬ್ಧ. ಎರಡು ಸಲ ಹೆಬ್ಬೆರಳಿಟ್ಟೆ, ಎರಡು ತುಂಡು ಬರೆದೆ. "ನೋಡ್ರಮ್ಮಾ, ಇಷ್ಟೇ!" ಎಂದು ಪೆನ್ನು ಕುಕ್ಕಿದೆ.

ಮೇದಿನಿ t ಇದ್ದಲ್ಲೆಲ್ಲ ಸೊನ್ನೆ ಹಾಕಿ ತಾಳೆ ನೋಡಿದಳು. "ಅಮ್ಮಾ, ಇಟ್ಸ್ ಆಫ್ ಬೈ ಒನ್."

"ನಂದಾ? ಸಾಧ್ಯನೇ ಇಲ್ಲ! ಸರಿಯಾಗ್ ನೋಡೇ."

"ಮೇಲ್ಗಡೆ ಭಾರ ಜಾಸ್ತಿ, ಅಮ್ಮ," ಎಂದಳು ನನ್ನ ಹುಡುಗಿ. ಅಪ್ಪಟ ಕನ್ನಡದಲ್ಲಿ! ಕಲಿಸುವಾಗ ನಾನೇ ಆಡಿದ ಮಾತು ಅದು. ಮೇಲಿನ ಘಾತ ಕೆಳಗಿನದಕ್ಕಿಂತ ಕಡಿಮೆ ಇಲ್ಲದಿದ್ದರೆ ಮೊದಲು ಭಾಗಿಸಿಕೊಳ್ಳಬೇಕು, ಹೆಬ್ಬೆರಳು ಆಮೇಲೆ. ಜಂಬದ ಭರದಲ್ಲಿ ಅದನ್ನೇ ನುಂಗಿಬಿಟ್ಟಿದ್ದೆ.

ಅವಳು ಭಾಗಿಸಿದಳು. ಬಂದ ಒಂದನ್ನು ಮುಂದೆ ಬರೆದು, ತನ್ನ ಹೆಬ್ಬೆರಳು ಊರಿ, ನನ್ನವೇ ಎರಡು ತುಂಡುಗಳನ್ನು ಪಕ್ಕದಲ್ಲಿ ಕೂರಿಸಿದಳು. ಲೆಕ್ಕ ಕೂಡಿಬಂತು. ಪರರ ಮನೆಯ ಹುಡುಗಿಯೆದುರು ಸೋತು ನನಗೆ ಅವಮಾನವಾಗಬೇಕಿತ್ತು ನೋಡಿ. ಆದದ್ದು ಮಹಾ ಖುಷಿ.

"ಹೂ ಟಾಟ್ ಯು ಟು ಡಿವೈಡ್ ಫಸ್ಟ್?" ಗ್ರೇಸ್ ಕೇಳಿದಳು.

"ಮೈ ಮಮ್," ಎಂದಳು ಮೇದಿನಿ, ತಲೆಯನ್ನೂ ಎತ್ತದೆ.

ಶಿಷ್ಯನ ಹೆಬ್ಬೆರಳನ್ನೇ ಕೇಳಿ ಪಡೆದ ಗುರುವಿನ ಕಥೆ ನಿಮಗೂ ಗೊತ್ತು. ನಮ್ಮ ಮನೆಯಲ್ಲಿ ಅದು ತಿರುಗುಮುರುಗಾಯಿತು. ನನ್ನ ಹೆಬ್ಬೆರಳನ್ನು ಅವಳ ಕೈಯಲ್ಲೇ ಬಿಟ್ಟು, ಉಳಿದ ಬೆರಳುಗಳಿಂದ ಹುಳಿ ಕದಡಲು ಹೋದೆ.