ಭರಣಿ ಖಾಲಿ ಮಾಡಿದವಳು ನಾನು

ಆ ವರ್ಷ ಕ್ರಿಸ್ಮಸ್ಸಿಗೆಂದು ಇಟ್ಟಿದ್ದ ವೈನನ್ನು ಕದ್ದು ಕುಡಿದದ್ದು ನನ್ನ ಮೈದುನ ವಿಲ್ಫ್ರೆಡ್ ಅಲ್ಲ — ನಾನು. ವೇಣೂರಿನ ನಮ್ಮ ಇಗರ್ಜಿಗೆ ಬರುವ ಹೆಚ್ಚಿನವರು ಇವತ್ತಿಗೂ ಅವನೇ ಎಂದು ನಂಬಿದ್ದಾರೆ. ಮನೆಯವರಿಗೆ ಸತ್ಯ ಹೇಳಿ ಆರು ವರ್ಷವಾಯಿತು. ಊರಿಗೆ ಇನ್ನೂ ಹೇಳಿಲ್ಲ. ಮನೆಯಲ್ಲಿ ಹೇಳಿಯಾದ ಮೇಲೆ ಊರಿಗೇಕೆ ಎಂದು ಸಮಾಧಾನ ಮಾಡಿಕೊಂಡಿದ್ದೆ — ಇಲ್ಲ, ಸಮಾಧಾನವಲ್ಲ ಅದು, ಹೆದರಿಕೆ.

ನಾನು ಲವೀನಾ. ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ಆಗ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ತರಗತಿಯನ್ನೂ ನಡೆಸುತ್ತಿದ್ದೆ. ಗಂಡನಿಗೆ ಲಾಯಿಲದಲ್ಲಿ ಬೈಕ್ ರಿಪೇರಿಯ ಅಂಗಡಿ. ಮನೆಯಲ್ಲಿ ಅತ್ತೆ, ಮೈದುನ ವಿಲ್ಫಿ, ನಾವಿಬ್ಬರು.

ಕೇಕಿಗೆ ಹಾಕುವ ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸಿಡಬೇಕು. ಹಾಗಾಗಿ ನಾನು ಬಾಟಲಿ ತರಿಸಿದರೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಬೆಳ್ತಂಗಡಿಯಿಂದ ಗಂಡನೇ ತಂದುಕೊಡುತ್ತಿದ್ದರು. ಮೊದಲು ರುಚಿ ನೋಡಲು ಒಂದು ಚಮಚ. ಆಮೇಲೆ ಅರ್ಧ ಲೋಟ. ಕೊನೆಕೊನೆಗೆ, ಒಂದೇ ಒಂದು ಕೇಕಿನ ಆರ್ಡರ್ ಇಲ್ಲದ ಜೂನ್ ತಿಂಗಳಲ್ಲೂ ನಮ್ಮ ಮನೆಯಲ್ಲಿ ರಮ್ ಮುಗಿಯುತ್ತಿತ್ತು. ಬಾಯಲ್ಲಿ ಲವಂಗ ಇಟ್ಟುಕೊಂಡು ನಾನು ಮಕ್ಕಳಿಗೆ ಹತ್ತು ಆಜ್ಞೆಗಳನ್ನು ಕಲಿಸುತ್ತಿದ್ದೆ. ದುಃಖ ಮರೆಯಲು ಕುಡಿದೆ ಎಂದು ಬರೆಯಬೇಕೆನಿಸುತ್ತದೆ. ಆದರೆ ಅಂಥ ದುಃಖವೇನೂ ಇರಲಿಲ್ಲ. ನನಗದು ಇಷ್ಟವಾಗುತ್ತಿತ್ತು — ಮುಂದೆ, ಇಷ್ಟವಾಗದಿದ್ದಾಗಲೂ ಬೇಕಾಗುತ್ತಿತ್ತು.

ಮನೆಯಲ್ಲಿ ಕುಡುಕನೆಂದು ಹೆಸರಾದವನು ಮಾತ್ರ ವಿಲ್ಫಿ. ಒಳ್ಳೆಯ ಎಲೆಕ್ಟ್ರಿಷಿಯನ್, ಆದರೆ ಕುಡಿದು ಕೆಲಸ ಕೆಡಿಸಿಕೊಂಡಿದ್ದ. ಆ ವರ್ಷ ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದವನು ಹನ್ನೊಂದು ತಿಂಗಳು ಒಂದು ತೊಟ್ಟೂ ಮುಟ್ಟಿರಲಿಲ್ಲ. ಸಂಜೆಯ ಜಪಸರಕ್ಕೆ ಎಲ್ಲರಿಗಿಂತ ಮೊದಲು ಅವನೇ ಬಂದು ಮೊಣಕಾಲೂರುತ್ತಿದ್ದ. ಅಕ್ಟೋಬರಿನಲ್ಲಿ ಹಬ್ಬಕ್ಕೆಂದು ದೊಡ್ಡ ಭರಣಿಯಲ್ಲಿ ದ್ರಾಕ್ಷಿಯ ವೈನ್ ಹಾಕಿದಾಗ ಅತ್ತೆ ಆ ಭರಣಿಯನ್ನು ಬೀಗವಿಲ್ಲದ ಕೋಣೆಯಲ್ಲೇ ಇಡಿಸಿದರು. "ಬೀಗ ಹಾಕಿದ್ರೆ ಅವನಿಗೆ ಬೇಸರ ಆಗ್ತದೆ. ನನ್ನ ಮಗನ ಮೇಲೆ ನನಗೆ ನಂಬಿಕೆ ಉಂಟು," ಎಂದರು.

ಆ ನಂಬಿಕೆಯ ಮೇಲೆಯೇ ನಾನು ಕೈಹಾಕಿದ್ದು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ, ವೈನ್ ಸೋಸಲೆಂದು ಅತ್ತೆ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ತಳದಲ್ಲಿ ದ್ರಾಕ್ಷಿಯ ಸಿಪ್ಪೆ, ಗೋಧಿ — ಅಷ್ಟೇ. ಅವರು ನನ್ನ ಕಡೆ ನೋಡಲೇ ಇಲ್ಲ. ಯಾಕೆ ನೋಡುತ್ತಾರೆ? ಅಂಗಳದಲ್ಲಿ ನಕ್ಷತ್ರದೀಪಕ್ಕೆ ವೈರ್ ಎಳೆಯುತ್ತಿದ್ದ ಮಗನನ್ನು ಕರೆದರು.

"ವಿಲ್ಫೀ, ಪುನಃ ಶುರು ಮಾಡಿದಿಯಾ ಮಗಾ?"

"ನಾನಲ್ಲ ಅಮ್ಮ. ಯೇಸುವಿನ ಆಣೆ, ನಾನಲ್ಲ."

ಗಂಡ ತಲೆ ತಗ್ಗಿಸಿ ಕುಳಿತಿದ್ದರು. ಆಗ ನಾನು ಬಾಯಿ ತೆರೆದೆ.

"ಹೋಗಲಿ ಬಿಡಿ ಅತ್ತೆ. ಹಬ್ಬದ ಸಮಯ. ಕ್ಷಮಿಸಿಬಿಡಿ ಅವನನ್ನು."

ಸುಮ್ಮನಿದ್ದಿದ್ದರೂ ಪಾಪವೇ. ಆದರೆ ನಾನು ಮಾಡಿದ ತಪ್ಪಿಗೆ ಅವನಿಗೆ ಕ್ಷಮೆ ಕೊಡಿಸಿದೆ! ಸಂಜೆಯೊಳಗೆ ಸುದ್ದಿ ಹಬ್ಬಿ, ಲವೀನಾಳದ್ದು ಎಂಥ ದೊಡ್ಡ ಮನಸ್ಸು ಎಂದು ನೆರೆಯವರು ಹೊಗಳಿದರು. ಕೇಳಿ ತಲೆಯಾಡಿಸಿದೆ. ವಿಲ್ಫಿ ನನ್ನನ್ನು ಒಮ್ಮೆ ನೋಡಿದ. ಮರುದಿನ ಬಟ್ಟೆ ತುಂಬಿಕೊಂಡು ಮೂಡುಬಿದಿರೆಗೆ ಹೋಗಿ, ಅಲ್ಲೇ ಬಾಡಿಗೆಗೆ ಕೋಣೆ ಹಿಡಿದ. ಆ ಕ್ರಿಸ್ಮಸ್ಸಿಗೆ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ.

ನಾನು ಬಿಡಲು ನೋಡಿದೆ. ಒಂದು ವಾರ ಬಿಟ್ಟರೆ ಎಂಟನೆಯ ದಿನ ಕೈ ತಾನಾಗಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟ ಬಾಟಲಿಗೆ ಹೋಗುತ್ತಿತ್ತು. ಪ್ರಾರ್ಥನೆಯಲ್ಲಿ ಎಲ್ಲ ಹೇಳುತ್ತಿದ್ದೆ, ಇದೊಂದನ್ನು ಬಿಟ್ಟು. ಎರಡನೆಯ ವರ್ಷದ ತಪಸ್ಸುಕಾಲದಲ್ಲಿ, ಈಸ್ಟರ್‌ಗೆ ಹತ್ತು ದಿನ ಇರುವಾಗ, ಇನ್ನು ತಡೆಯಲಾರೆ ಎನಿಸಿತು. ನಮ್ಮ ಫಾದರ್ ನನ್ನ ಧ್ವನಿ ಗುರುತಿಸಿಬಿಟ್ಟರೆ! ಬಸ್ಸು ಹತ್ತಿ ಮೂಡುಬಿದಿರೆಯ ಕಡೆಯ ಒಂದು ಇಗರ್ಜಿಗೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಮುದುಕರೊಬ್ಬರ ಧ್ವನಿ. ಎಲ್ಲವನ್ನೂ ಹೇಳಿದೆ — ರಮ್, ಲವಂಗ, ಭರಣಿ, ನನ್ನ ಆ ಮಾತು. ತುಂಬ ಹೊತ್ತು ಅಳುತ್ತಿದ್ದೆ.

"ದೇವರು ಕ್ಷಮಿಸ್ತಾರೆ ಮಗಳೇ, ಅದರಲ್ಲಿ ಸಂಶಯ ಬೇಡ," ಎಂದರು. ನಂತರ ಕೇಳಿದರು, "ನಿನ್ನ ಮೈದುನ ಈಗ ಎಲ್ಲಿದ್ದಾನೆ?"

"ಇಲ್ಲೇ, ಮೂಡುಬಿದಿರೆಯಲ್ಲಿ."

"ಹಾಗಾದ್ರೆ ಬಸ್ಸು ಹತ್ತುವ ಮೊದಲು ಅಲ್ಲಿಗೆ ಹೋಗು."

ವಿಚಾರಿಸಿಕೊಂಡು ಹೋದಾಗ ಹೊಸ ಮನೆಯೊಂದರ ಕೆಲಸದಲ್ಲಿ ಅವನಿದ್ದ. ಏಣಿಯ ಮೇಲೆ ನಿಂತು ಫ್ಯಾನಿನ ಕೊಂಡಿಗೆ ವೈರ್ ಜೋಡಿಸುತ್ತಿದ್ದ. ಅವನು ಇಳಿಯುವವರೆಗೂ ಕಾದರೆ ಧೈರ್ಯ ಉಳಿಯುವುದಿಲ್ಲ ಎಂದು ಕೆಳಗಿನಿಂದಲೇ ಹೇಳಿಬಿಟ್ಟೆ. "ವಿಲ್ಫೀ, ಆ ವೈನ್ ಕುಡಿದದ್ದು ನಾನು."

ಅವನು ಮೆಲ್ಲನೆ ಇಳಿದು ಬಂದ. ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ನನಗೆ ಗೊತ್ತುಂಟು ಅತ್ತಿಗೆ. ಕುಡಿದವನಿಗೆ ಕುಡಿದವರ ಕಣ್ಣು ಗೊತ್ತಾಗುದಿಲ್ವಾ? ನೀವು ತರಿಸಿದ ರಮ್ಮೆಲ್ಲ ಕೇಕಿಗೇ ಹಾಕಿದ್ರೆ, ಅದನ್ನು ತಿಂದವರು ವೇಣೂರು ಪೇಟೆಯಲ್ಲಿ ಸಾಲಾಗಿ ಮಲಗಿರ್ಬೇಕಿತ್ತು!"

ನನಗೆ ಅಳು ಬರಬೇಕಾದಲ್ಲಿ ನಗು ಬಂತು. ಅವನೂ ನಕ್ಕ. ಆಮೇಲೆ ಇಬ್ಬರೂ ಅತ್ತೆವು.

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಯಾರು ನಂಬ್ತಿದ್ರು? ಮೊದಲು ತುಂಬ ಸಿಟ್ಟಿತ್ತು. ಸಿಟ್ಟು ಬಂದಾಗೆಲ್ಲ ನನಗೇ ಕುಡಿಯುವ ಆಸೆ ಆಗ್ತಿತ್ತು. ಅದಕ್ಕೆ ಸಿಟ್ಟಿನ ಬದಲು ನಿಮಗಾಗಿ ಒಂದು ಜಪಸರ ಹೇಳುದು ಅಂತ ಮಾಡಿದೆ. ದಿನಾ ಹೇಳ್ತೇನೆ." ಆಮೇಲೆ ಕೇಳಿದ, "ಶನಿವಾರ ಇಲ್ಲಿ ಕುಡಿತ ಬಿಟ್ಟವರ ಕೂಟ ಉಂಟು. ಬರ್ತೀರಾ?"

ಹೋದೆ. ಹದಿನಾರು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಯಾರೂ ನಗಲಿಲ್ಲ, ಒಬ್ಬರು ಚಹಾ ತಂದುಕೊಟ್ಟರು.

ಆ ಶನಿವಾರ ಸಂಜೆ ಮನೆಯಲ್ಲಿ ಜಪಸರ ಮುಗಿದ ಮೇಲೆ, ಇನ್ನೂ ಮೊಣಕಾಲೂರಿದ್ದಾಗಲೇ, ಅತ್ತೆಗೂ ಗಂಡನಿಗೂ ಹೇಳಿದೆ. ಗಂಡ ಎದ್ದು ಹೊರಗೆ ಹೋದರು. ಅತ್ತೆ ದೀಪ ಆರಿಸಿ ಮಲಗಿದರು. ಬೆಳಿಗ್ಗೆ ನೋಡಿದರೆ, ಇಗರ್ಜಿಗೆ ಉಡುವ ಸೀರೆಯುಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಮೂಡುಬಿದಿರೆಗೆ ಬಸ್ಸು ಎಷ್ಟು ಗಂಟೆಗೆ ಉಂಟು?" ಎಂದು ಕೇಳಿದರು. "ನೀನೂ ಹೊರಡು. ಅವನ ಹತ್ರ ನಾನೂ ಕ್ಷಮೆ ಕೇಳ್ಲಿಕ್ಕುಂಟು."

ಆ ಈಸ್ಟರ್‌ಗೆ ವಿಲ್ಫಿ ಮನೆಗೆ ಬಂದ. ಅತ್ತೆ ಹಂದಿಮಾಂಸ, ಸನ್ನ, ಮೂರು ಬಗೆಯ ಪಲ್ಯ ಮಾಡಿ, ಎಲ್ಲವನ್ನೂ ಅವನ ತಟ್ಟೆಗೇ ಬಡಿಸಿದರು. "ಸಾಕಮ್ಮಾ, ಎರಡು ವರ್ಷದ್ದು ಒಂದೇ ದಿನ ತಿನ್ಲಿಕ್ಕೆ ಆಗ್ತದಾ?" ಎಂದ. ನನ್ನ ಗಂಡ ನಕ್ಕರು. ನನ್ನೊಡನೆ ಅವರು ಸರಿಯಾಗಿ ಮಾತಾಡಲು ಮತ್ತೂ ಕೆಲವು ತಿಂಗಳು ಬೇಕಾದವು, ಅದು ನ್ಯಾಯವೇ.

ಬಿಡುವುದು ಸುಲಭವಾಗಲಿಲ್ಲ. ಆಗಸ್ಟಿನಲ್ಲಿ ಒಮ್ಮೆ ಜಾರಿದೆ. ಮಧ್ಯಾಹ್ನ ನಾಲ್ಕು ಗಂಟೆ ನನಗೆ ಕಷ್ಟದ ಹೊತ್ತು. ಆಗ ವಿಲ್ಫಿ ಫೋನ್ ಮಾಡುತ್ತಿದ್ದ: "ಅತ್ತಿಗೆ, ನಾನು ಏಣಿ ಮೇಲೆ ಇದ್ದೇನೆ, ಬೇಗ ಒಂದು ನಮೋ ಮರಿಯ ಹೇಳುವ." ಇಬ್ಬರೂ ಆ ಪ್ರಾರ್ಥನೆ ಹೇಳುತ್ತಿದ್ದೆವು. ಒಂದು ದಿನ ನಾಲ್ಕು ಗಂಟೆ ದಾಟಿದ್ದೇ ತಿಳಿಯಲಿಲ್ಲ — ನಾನು ಕ್ರೀಮು ಕಲಸುತ್ತ ಹಾಡಿಕೊಳ್ಳುತ್ತಿದ್ದೆ! ಅಂದಿನ ಸಂತೋಷವನ್ನು ಯಾರಿಗೆ ಹೇಳಲಿ? ಯೇಸು ನನ್ನ ಅಡುಗೆಮನೆಗೇ ಬಂದು ಹೋದಂತಿತ್ತು. ಈಗ ಒಣದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಸುತ್ತೇನೆ. ಮೊದಲಿಗಿಂತ ರುಚಿ ಎನ್ನುತ್ತಾರೆ.

ಈ ನಡುವೆ ವಿಲ್ಫಿಗೆ ಮದುವೆಯೂ ಆಗಿ, ಹೋದ ತಿಂಗಳು ಹೆಣ್ಣುಮಗು ಹುಟ್ಟಿತು. ನಮ್ಮ ಇಗರ್ಜಿಯಲ್ಲೇ ನಡೆಯುವ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಲ್ಲಬೇಕೆಂದು ನನ್ನನ್ನೇ ಕೇಳಿದ. ನಾನು ಯೋಗ್ಯಳಲ್ಲ ಎಂದೆ. "ಯೋಗ್ಯರು ಬೇಕೂಂತ ನಾನೆಲ್ಲಿ ಹೇಳಿದೆ? ನೀವು ಬನ್ನಿ," ಎಂದ. ಬಿಳಿ ಬಟ್ಟೆಯ ಮಗು ನನ್ನ ತೋಳಲ್ಲಿ ಕಾಲು ಬಡಿಯುತ್ತಿತ್ತು. ಸೈತಾನನನ್ನೂ ಅವನ ಆಮಿಷಗಳನ್ನೂ ತ್ಯಜಿಸುತ್ತೀರಾ ಎಂದು ಫಾದರ್ ಕೇಳಿದರು. "ತ್ಯಜಿಸುತ್ತೇನೆ," ಎಂದೆ — ತುಸು ಜೋರಾಗಿಯೇ ಬಂತೇನೋ, ಹಿಂದಿನ ಬೆಂಚಿನವರು ತಲೆಯೆತ್ತಿ ನೋಡಿದರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಬ್ಬ ಹೆಂಗಸು ಮೆಲ್ಲನೆ ಕೇಳಿದಳು, "ವಿಲ್ಫಿ ಈಗ ಪರವಾಗಿಲ್ವಾ? ಕುಡಿಯುದಿಲ್ಲ ಅಲ್ವಾ?"

ಮಗುವನ್ನು ಎತ್ತಿಕೊಂಡೇ ನಾನು ಫಾದರ್ ಇದ್ದಲ್ಲಿಗೆ ನಡೆದೆ. ವಿಲ್ಫಿ ಕೋಣೆಯಲ್ಲಿ ಒಬ್ಬನೇ ಕಳೆದ ಎರಡು ಕ್ರಿಸ್ಮಸ್ಸುಗಳನ್ನು ನಾನು ಹಿಂದೆ ಕೊಡಲಾರೆ. ಆದರೆ ಈ ಮಗು ದೊಡ್ಡವಳಾಗಿ ಇಗರ್ಜಿಯ ಅಂಗಳದಲ್ಲಿ ಅಂಥ ಮಾತು ಕೇಳಬಾರದು. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೆದುರು ಎದ್ದು ನಿಂತು ಸತ್ಯ ಹೇಳಲು ಫಾದರ್ ಅವರ ಅಪ್ಪಣೆ ಪಡೆದಿದ್ದೇನೆ.